ಬಿಳಿಚಿದ ಬೆರಳು, ಬಚ್ಚಲ ಒಲೆ

ಕಳೆದ ಡಿಸೆಂಬರ್‌ನ ಒಂದು ಬೆಳಿಗ್ಗೆ. ಬಾಗಿಲಿಗೆ ತೂಗುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡು ಒಳಗೆ ಬಂದೆ. ಕತ್ತರಿ ಹಿಡಿಯಲು ಹೋದರೆ ಬಲಗೈಯ ಉಂಗುರ ಬೆರಳು ಮಾತು ಕೇಳಲಿಲ್ಲ. ಲೈಟ್ ಹಾಕಿ ನೋಡಿದೆ. ತುದಿಯಿಂದ ಎರಡನೇ ಗೆಣ್ಣಿನವರೆಗೆ ಬೆರಳಿಗೆ ಬಣ್ಣವೇ ಇರಲಿಲ್ಲ. ಮೇಣದಬತ್ತಿಯ ಹಾಗೆ ಬಿಳಿಚಿಕೊಂಡಿತ್ತು. ಬಿಳಿ ಎಲ್ಲಿ ಮುಗಿಯುತ್ತದೆ, ನನ್ನ ಮೈಬಣ್ಣ ಎಲ್ಲಿ ಶುರುವಾಗುತ್ತದೆ ಅಂತ ಯಾರೋ ಗೆರೆ ಎಳೆದ ಹಾಗಿತ್ತು. ಉಗುರಿನಿಂದ ಒತ್ತಿದೆ. ಏನೂ ಗೊತ್ತಾಗಲಿಲ್ಲ.

ಹತ್ತು ನಿಮಿಷ ಕಳೆದ ಮೇಲೆ ಬೆರಳು ನೀಲಿಯಾಯಿತು. ಆಮೇಲೆ ಕೆಂಪಾಗಿ ಜುಮುಗುಟ್ಟತೊಡಗಿತು, ಉರಿಯೂ ಬಂತು. ಕಾಫಿ ಲೋಟ ಹಿಡಿದುಕೊಂಡು ಕುಳಿತೆ. ಸರಿಹೋಯಿತು. ಸುಮ್ಮನಾದೆ.

ಮರುದಿನವೂ ಹಾಗೇ ಆಯಿತು. ಅದರ ಮರುದಿನ ಎರಡು ಬೆರಳು.

ಚಳಿ ಅಂತ ಅಂದುಕೊಂಡೆ. ಆದರೆ ಬೆಂಗಳೂರಿನ ಚಳಿ ಎಷ್ಟು ದೊಡ್ಡದು? ಈ ಊರಿನ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿ 13ರಂದು ದಾಖಲಾದದ್ದು. ಈಗಿನ ಡಿಸೆಂಬರ್ ಬೆಳಿಗ್ಗೆ ಅಂದರೆ 15, 16 ಡಿಗ್ರಿ. ನಾನು ತೀರ್ಥಹಳ್ಳಿ ಕಡೆಯವಳು. ತೋಟದ ತಗ್ಗಿನಲ್ಲಿ ಇಬ್ಬನಿ ಇಳಿದು ಹುಲ್ಲೆಲ್ಲ ಒದ್ದೆಯಾಗಿರುವಾಗ ಬರಿಗಾಲಲ್ಲಿ ಓಡಾಡಿ ಬೆಳೆದವಳು. ಆಗ ಬೆರಳು ಹೀಗಾಗಿರಲಿಲ್ಲ.

ಆ ವರ್ಷ ಸೆಪ್ಟೆಂಬರ್‌ನಲ್ಲಿ ಅಪ್ಪ ಹೋಗಿದ್ದರು. ಅದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಬೆರಳಿನ ಕಥೆ ಅಲ್ಲಿಂದಲೇ ಶುರು. ಅಪ್ಪ ಹೋದ ಎರಡೇ ತಿಂಗಳಿಗೆ ಅಡಿಕೆ ಗೊನೆ ಕೊಯ್ಲು ಎದುರಿಗೆ ನಿಂತಿತ್ತು. ಊರಲ್ಲಿ ಅಮ್ಮ ಒಬ್ಬಳೇ. ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದೋ, ನಾವೇ ಕೊಯ್ಸುವುದೋ ಎಂಬ ಮಾತು ದಿನಾ ಫೋನಿನಲ್ಲಿ. ಇತ್ತ ಆಫೀಸಿನಲ್ಲಿ ವರ್ಷದ ಕೊನೆಯ ಕೆಲಸ. ಮಗಳು ಎರಡನೇ ಪಿಯುಸಿ. ನಾನು ಅತ್ತಿರಲಿಲ್ಲ. ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ ಎನ್ನುವುದು ನಿಜ.

ಜನವರಿಯಲ್ಲಿ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಉಗುರಿನ ಬುಡವನ್ನು ಲೆನ್ಸ್ ಹಿಡಿದು ನೋಡಿದರು. ಗಂಟು ನೋವು ಇದೆಯಾ, ಚರ್ಮ ಬಿಗಿಯುತ್ತಾ, ಮೈಗ್ರೇನ್ ಮಾತ್ರೆ ತಗೊಳ್ತೀರಾ, ಬಿಪಿಗೆ ಯಾವ ಮಾತ್ರೆ, ಸಿಗರೇಟು ಇದೆಯಾ ಅಂತೆಲ್ಲ ಕೇಳಿದರು. ರಕ್ತ ಪರೀಕ್ಷೆ ಬರೆದರು. ಚಿಕ್ಕ ವಯಸ್ಸಿನಲ್ಲಿ ಶುರುವಾಗಿದ್ದರೆ ಅಷ್ಟು ಚಿಂತೆ ಇಲ್ಲ, ನಲವತ್ತು ದಾಟಿದ ಮೇಲೆ ಹೊಸದಾಗಿ ಬಂದರೆ ಹಿಂದೆ ಬೇರೆ ಕಾಯಿಲೆ ಇದೆಯಾ ಅಂತ ನೋಡಲೇಬೇಕು ಅಂದರು. ಕೊನೆಗೆ ಒಂದು ಪ್ರಶ್ನೆ ಕೇಳಿದರು. "ಚಳಿ ಬಿಟ್ಟು ಬೇರೆ ಯಾವಾಗಲಾದರೂ ಹೀಗಾಗುತ್ತಾ, ಅಮ್ಮ?"

ಇಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು. ಹಿಂದಿನ ವಾರ ಮಧ್ಯಾಹ್ನ, ಬಿಸಿಲಲ್ಲೇ ನಿಂತು ಚೇಣಿಯವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅಪ್ಪ ನೆಟ್ಟ ಮರಗಳಿಗೆ ಅವರು ರೇಟು ಹೇಳುತ್ತಿದ್ದರು. ಮಾತು ಮುಗಿಸಿ ಫೋನ್ ಇಳಿಸಿದಾಗ ಬೆರಳು ಬೆಳ್ಳಗಿತ್ತು.

ಇದಕ್ಕೆ ರೇನೋ ಅಂತಾರೆ. ಮೊರಿಸ್ ರೇನೋ ಎಂಬ ಫ್ರೆಂಚ್ ವೈದ್ಯರು 1862ರಲ್ಲಿ ಇದನ್ನು ವಿವರಿಸಿ ಬರೆದರು. ಹೆಂಗಸರಲ್ಲಿ ಜಾಸ್ತಿ. ಬೆರಳಿನ ಸಣ್ಣ ರಕ್ತನಾಳಗಳು ಅಗತ್ಯಕ್ಕಿಂತ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ರಕ್ತ ನಿಂತಾಗ ಬಿಳಿ. ಉಳಿದ ರಕ್ತದಲ್ಲಿ ಆಮ್ಲಜನಕ ತೀರಿದಾಗ ನೀಲಿ. ನಾಳ ಮತ್ತೆ ತೆರೆದು ರಕ್ತ ನುಗ್ಗಿದಾಗ ಕೆಂಪು. ಅದನ್ನು ಕೆಣಕುವುದು ಮುಖ್ಯವಾಗಿ ಎರಡು. ಒಂದು ಚಳಿ, ಇನ್ನೊಂದು ಮನಸ್ಸಿನ ಒತ್ತಡ.

ನನ್ನ ರಿಪೋರ್ಟು ಚೆನ್ನಾಗಿಯೇ ಬಂತು. ಮಾತ್ರೆ ಬೇಕಾಗಲಿಲ್ಲ. ಆದರೆ ಚಳಿ ಮತ್ತು ಚಿಂತೆ ಒಂದೇ ಬಾಗಿಲಿಂದ ಒಳಗೆ ಬರುತ್ತವೆ ಎನ್ನುವ ಮಾತು ನನ್ನನ್ನು ಬಿಡಲಿಲ್ಲ. ಒಂದು ವರ್ಷದಿಂದ ಅದರ ಹಿಂದೆಯೇ ಬಿದ್ದಿದ್ದೇನೆ.

ಪರೀಕ್ಷಾ ಹಾಲ್ ನೆನಪು ಮಾಡಿಕೊಳ್ಳಿ. ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆ ಅಂಗೈ ತಣ್ಣಗಾಗಿರುತ್ತಿತ್ತು, ಅಲ್ವಾ? ಏಪ್ರಿಲ್ ಬಿಸಿಲಿನಲ್ಲೂ. ಅದನ್ನು ಮಾಡುವುದು ಸಿಂಪಥೆಟಿಕ್ ನರಗಳು. ಭಯವಾದಾಗ ಅವು ಚರ್ಮದ ರಕ್ತನಾಳಗಳನ್ನು ಬಿಗಿ ಮಾಡಿ ರಕ್ತವನ್ನು ಒಳಗೆ ಎಳೆದುಕೊಳ್ಳುತ್ತವೆ. ಓಡಬೇಕಾದರೆ, ಹೊಡೆದಾಡಬೇಕಾದರೆ ಇರಲಿ ಅಂತ. ಚಳಿಯಾದಾಗಲೂ ಅವೇ ನರಗಳು, ಅದೇ ಕೆಲಸ. ಹೃದಯ, ಮಿದುಳು ಇರುವ ಒಳಮೈ ಸುಮಾರು 37 ಡಿಗ್ರಿಯಲ್ಲೇ ಇರಬೇಕು. ಅದಕ್ಕಾಗಿ ಕೈಕಾಲಿನ ತುದಿಗೆ ಹೋಗುವ ರಕ್ತವನ್ನು ದೇಹ ಕಡಿಮೆ ಮಾಡುತ್ತದೆ. ಅಂಗೈ, ಅಂಗಾಲು, ಕಿವಿ, ಮೂಗು, ಈ ಜಾಗಗಳಲ್ಲಿ ಶಾಖ ಹೊರಗೆ ಬಿಡುವುದಕ್ಕೆಂದೇ ವಿಶೇಷ ಅಡ್ಡನಾಳಗಳಿವೆ. ಸೆಕೆಗೆ ತೆರೆಯುತ್ತವೆ, ಚಳಿಗೆ ಮುಚ್ಚುತ್ತವೆ. ಚಿಂತೆಗೂ ಮುಚ್ಚುತ್ತವೆ.

ಇದು ಬೆರಳಿಗೆ ಮಾತ್ರ ಸಂಬಂಧಪಟ್ಟ ವಿಷಯವೂ ಅಲ್ಲ. ನಾಳ ಸಣ್ಣದಾದರೆ ಒಳಗಿನ ಒತ್ತಡ ಏರಲೇಬೇಕು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಇಟ್ಟು ನೋಡಿದವರಿಗೆ ಇದು ಗೊತ್ತು. ಚಳಿಗಾಲದಲ್ಲಿ ಬಿಪಿ ಸ್ವಲ್ಪ ಮೇಲೇರುವುದು, ಹೃದಯಾಘಾತ ಜಾಸ್ತಿಯಾಗುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಅದರಲ್ಲೂ ಬೆಳಗಿನ ಹೊತ್ತು. ಮೇಲಿಂದ ಚಳಿಯಲ್ಲಿ ಬಾಯಾರಿಕೆ ಆಗುವುದಿಲ್ಲ, ನೀರು ಕುಡಿಯುವುದಿಲ್ಲ, ಮೂತ್ರ ಮಾತ್ರ ಜಾಸ್ತಿ ಹೋಗುತ್ತದೆ. ರಕ್ತ ಒಂದಿಷ್ಟು ಗಟ್ಟಿಯಾಗುತ್ತದೆ. ಅಮ್ಮನ ಬಿಪಿ ಬೇಸಿಗೆಯಲ್ಲಿ 130ರ ಆಸುಪಾಸು ಇದ್ದದ್ದು ಆ ಜನವರಿಯಲ್ಲಿ 150 ದಾಟಿತ್ತು. ಚಳಿಯ ಪಾಲು ಎಷ್ಟು, ಒಂಟಿತನದ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳುವುದು ಹೇಗೆ?

ಆಗ ನನಗೆ ಹೊಳೆದದ್ದು ಆ ವರ್ಷ ನಮ್ಮ ಮನೆಯಲ್ಲಿ ಹಂಡೆ ತುಂಬಿಸಿರಲಿಲ್ಲ ಎಂಬುದು.

ನಮ್ಮ ಕಡೆ ದೀಪಾವಳಿ ಶುರುವಾಗುವುದು ನೀರು ತುಂಬುವ ಹಬ್ಬದಿಂದ. ತ್ರಯೋದಶಿ ಸಂಜೆ. ಅಜ್ಜಿ ಬಚ್ಚಲ ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ವರ್ಷವಿಡೀ ಹೊಗೆ ಕುಡಿದ ಹಂಡೆ ಕೆಂಪಗೆ ಹೊಳೆಯುತ್ತಿತ್ತು. ಅದರ ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಶೇಡಿಮಣ್ಣಿನ ಗೆರೆ ಎಳೆದು, ಬಾವಿಯಿಂದ ಹೊಸ ನೀರು ಸೇದಿ ತುಂಬುವುದು. ಮರುದಿನ ಬೆಳಕು ಹರಿಯುವ ಮುಂಚೆ ಒಲೆ ಉರಿಯುತ್ತಿರುತ್ತಿತ್ತು. ಒಣಗಿದ ಅಡಿಕೆ ಹಾಳೆ, ಸೋಗೆ, ಅಡಿಕೆ ಸಿಪ್ಪೆ. ಆ ಸಿಪ್ಪೆಯ ಹೊಗೆಯ ವಾಸನೆ ಈಗಲೂ ನನಗೆ ಬೆಚ್ಚಗಿನ ವಾಸನೆ.

ಮಣೆಯ ಮೇಲೆ ಕೂರಿಸುತ್ತಿದ್ದಳು. ಏಳು ಚಿರಂಜೀವಿಗಳ ಹೆಸರು ಹೇಳಿ ನೆಲಕ್ಕೆ ಏಳು ಬೊಟ್ಟು ಎಣ್ಣೆ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಆಮೇಲೆ ನೆತ್ತಿಗೆ. ಬಿಸಿ ಮಾಡಿದ ಕೊಬ್ಬರಿ ಎಣ್ಣೆ ನೆತ್ತಿಯಿಂದ ಕಿವಿಯ ಹಿಂದೆ ಇಳಿಯುತ್ತಿತ್ತು. ನೆತ್ತಿ ಆದ ಮೇಲೆ ಕಿವಿ, ಕುತ್ತಿಗೆ, ಬೆನ್ನು, ಕೈ. ಕೊನೆಗೆ ಅಂಗಾಲು. ಅಂಗಾಲಿಗೆ ಬಂದಾಗ ಅವಳ ಕೈ ಇನ್ನೂ ನಿಧಾನವಾಗುತ್ತಿತ್ತು. ನಾವು ಕಚಗುಳಿಗೆ ಕಾಲು ಎಳೆದುಕೊಂಡರೆ, ಚಳಿಗೆ ಹೆಗಲು ಕಿವಿವರೆಗೆ ಏರಿಸಿಕೊಂಡು ಕೂತರೆ, ಒಂದೇ ಮಾತು. "ಮೈ ಸಡಿಲ ಬಿಡೇ." ಅಷ್ಟೇ. ಗದರುವುದಿಲ್ಲ. ಹೆಗಲು ಇಳಿಯುವವರೆಗೆ ಕೈ ಅಲ್ಲೇ ಇಟ್ಟಿರುತ್ತಿದ್ದಳು.

ಆಮೇಲೆ ಎಣ್ಣೆ ಇಳಿಯುವವರೆಗೆ ಒಲೆಯ ಮುಂದೆ ಕೂರಬೇಕು. ಎದೆ, ಹೊಟ್ಟೆಗೆ ಬೆಂಕಿಯ ಕಾವು. ಬೆರಳ ತುದಿಗಳು ತಾವಾಗಿ ಬಿಸಿಯಾಗುತ್ತಿದ್ದವು. ನಂತರ ಹಂಡೆಯ ನೀರು, ಸೀಗೆಪುಡಿ, ತಲೆಗೆ ದಾಸವಾಳದ ಎಲೆಯ ಗೊಂಪು. ಮಿಂದು ಬಂದವರಿಗೆ ಕಂಬಳಿ ಹೊದಿಸಿ ಕಾಳುಮೆಣಸು ಹಾಕಿದ ಬಿಸಿ ಸಾರು ಕೊಡುತ್ತಿದ್ದಳು. ಆಮೇಲೆ ಬರುತ್ತಿದ್ದ ನಿದ್ದೆಯಂಥ ನಿದ್ದೆ ಮತ್ತೆ ಯಾವಾಗಲೂ ಬಂದಿಲ್ಲ.

ಹಬ್ಬಕ್ಕೆ ಇಷ್ಟು ವಿಸ್ತಾರ. ಆದರೆ ಚಳಿಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಎಣ್ಣೆ ಸ್ನಾನ ತಪ್ಪುತ್ತಿರಲಿಲ್ಲ.

ಎಣ್ಣೆ ಚರ್ಮದ ಒಳಗೆ ಇಳಿದು ರಕ್ತ ಶುದ್ಧಿ ಮಾಡುತ್ತದೆ ಅಂತ ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಎಣ್ಣೆ ಚರ್ಮದ ತೇವ ಆರದಂತೆ ಹಿಡಿದಿಡುತ್ತದೆ, ಚಳಿಗೆ ಒಡೆಯುವುದನ್ನು ತಪ್ಪಿಸುತ್ತದೆ. ಉಳಿದದ್ದು ಮಾಡುವುದು ಬೆಂಕಿ ಮತ್ತು ಕೈ. ಒಳಮೈ ಬೆಚ್ಚಗಾದರೆ ದೇಹ ತಾನಾಗಿಯೇ ಬೆರಳಿನ ಬಾಗಿಲು ತೆರೆಯುತ್ತದೆ. ಡಾಕ್ಟರ್ ನನಗೆ ಹೇಳಿದ್ದೂ ಇದನ್ನೇ. ಕೈಗವಸಿಗಿಂತ ಮೊದಲು ಎದೆಗೆ, ಬೆನ್ನಿಗೆ ಬೆಚ್ಚಗಿನದು ಹಾಕಿ ಅಂತ. ಇನ್ನು ಕೈ. ನಮ್ಮ ಚರ್ಮದಲ್ಲಿ, ಮುಖ್ಯವಾಗಿ ರೋಮ ಇರುವ ಕಡೆ, ನಿಧಾನ ಸವರುವಿಕೆಗೆ ಮಾತ್ರ ಚೆನ್ನಾಗಿ ಎಚ್ಚರವಾಗುವ ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ. ಅಮ್ಮಂದಿರು ಮಗುವಿನ ಬೆನ್ನು ಸವರುವ ವೇಗ ಅದು. ಅದಕ್ಕಿಂತ ಜೋರಾದರೆ ಅವು ಅಷ್ಟಾಗಿ ಉತ್ತರ ಕೊಡುವುದಿಲ್ಲ. ಅಂಗಾಲಿನಲ್ಲಿ ಅವು ಅಪರೂಪ. ಆದರೂ ಅಜ್ಜಿಯ ಕೈ ಅಲ್ಲಿಗೆ ಬಂದಾಗ ಯಾಕೆ ನಿಧಾನವಾಗುತ್ತಿತ್ತೋ, ಅವಳನ್ನು ಕೇಳುವ ಯೋಚನೆಯೇ ನನಗೆ ಬಂದಿರಲಿಲ್ಲ. ಆಯುರ್ವೇದದವರು ಅಭ್ಯಂಗದಲ್ಲಿ ತಲೆ, ಕಿವಿ, ಪಾದ ಈ ಮೂರನ್ನು ವಿಶೇಷವಾಗಿ ನೋಡಿಕೊಳ್ಳಿ ಅಂತ ಹೇಳುತ್ತಾರೆ. ಅವಳ ಕೈಗೆ ಅದು ಅವಳ ಅಜ್ಜಿಯಿಂದ ಬಂದಿರಬೇಕು.

ಚಳಿಗಾಲದ ಇನ್ನೊಂದು ನೆನಪು ಅಡಿಕೆ ಸುಲಿಯುವ ರಾತ್ರಿಗಳದ್ದು. ಊಟ ಮುಗಿಸಿ ಅಕ್ಕಪಕ್ಕದವರೆಲ್ಲ ಬರುತ್ತಿದ್ದರು. ಮೆಟ್ಟುಕತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಿದ್ದರು. ಅಂಗಳದ ಮೂಲೆಯಲ್ಲಿ ಚೊಗರು, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ರಸ, ಹಾಕಿದ ನೀರಿನಲ್ಲಿ ಅಡಿಕೆ ಬೇಯುತ್ತಿತ್ತು. ಮಾತೋ ಮಾತು. ಯಾರ ಮಗಳಿಗೆ ಗಂಡು ನೋಡಿದರು, ಯಾರ ತೋಟಕ್ಕೆ ಕೊಳೆರೋಗ ಬಂತು, ಯಾವ ಯಕ್ಷಗಾನ ಮೇಳದ ಆಟ ಎಲ್ಲಿ. ಕಷ್ಟ ಎಲ್ಲರಿಗೂ ಇತ್ತು. ಸಾಲ ಇತ್ತು. ಆದರೆ ಕಷ್ಟವನ್ನು ಒಬ್ಬರೇ ಕೋಣೆಯಲ್ಲಿ ಕೂತು ಯೋಚಿಸುವ ಸೌಕರ್ಯ ಯಾರಿಗೂ ಇರಲಿಲ್ಲ. ಈಗ ಸುಲಿಯುವ ಮೆಷಿನ್ ಬಂದಿದೆ. ಕೆಲಸದವರು ಸಿಗದ ಕಾಲದಲ್ಲಿ ಅದು ಬೇಕೇ ಬೇಕು, ಅದನ್ನು ದೂರುವುದಿಲ್ಲ. ಆದರೆ ಆ ರಾತ್ರಿಗಳು ಹೋದವು.

ಅಲ್ಲೊಂದು ವಿಷಯ ಗಮನಿಸಿದ್ದೆ. ದೊಡ್ಡವರು ಗಂಟೆಗಟ್ಟಲೆ ಕೂತೇ ಇರುತ್ತಿರಲಿಲ್ಲ. ಒಲೆಗೆ ಸೌದೆ ಒಟ್ಟಲು ಒಬ್ಬರು, ಸಿಪ್ಪೆ ಹೊತ್ತು ಹಾಕಲು ಒಬ್ಬರು, ಎಲೆಯಡಿಕೆ ತಟ್ಟೆ ತರಲು ಒಬ್ಬರು ಏಳುತ್ತಲೇ ಇದ್ದರು. ಕಾಲಿಗೆ ಅದೇ ಬೇಕು. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ಆದರೆ ಪಾದಕ್ಕೆ ಇಳಿದ ರಕ್ತ ಮೇಲೆ ಏರಿ ಬರಬೇಕಾದರೆ ಮೀನಖಂಡದ ಸ್ನಾಯು ಹಿಂಡಬೇಕು. ಹಿಂಡಿದ ರಕ್ತ ಮತ್ತೆ ಕೆಳಗೆ ಇಳಿಯದಂತೆ ಅದನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿಗಳಲ್ಲಿ ಸಣ್ಣ ಕವಾಟಗಳಿವೆ. ಇಟಲಿಯ ಪಡುವಾದಲ್ಲಿ ಫ್ಯಾಬ್ರಿಸಿಯಸ್ ಎಂಬವರು ಆ ಕವಾಟಗಳನ್ನು ವಿವರಿಸಿದ್ದರು. ಅವರ ಹತ್ತಿರ ಓದಿದ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತಿ ಬರುತ್ತದೆ ಎಂದು ತೋರಿಸಿಕೊಟ್ಟರು. ನಾವು ಮಾತ್ರ ಕುರ್ಚಿಯಲ್ಲಿ ಒಂಬತ್ತು ಗಂಟೆ ಕೂತು, ಸಂಜೆ ಕಾಲು ಭಾರ ಅನ್ನುತ್ತೇವೆ.

ಈಗ ನಾನು ಏನು ಮಾಡುತ್ತೇನೆ ಅಂದರೆ, ದೊಡ್ಡದೇನಿಲ್ಲ. ನವೆಂಬರ್ ಬಂದ ಕೂಡಲೇ ತೋಳಿಲ್ಲದ ಉಣ್ಣೆಯ ಸ್ವೆಟರ್ ಒಳಗೆ ಹಾಕಿಕೊಳ್ಳುತ್ತೇನೆ, ಬೆಳಿಗ್ಗೆ ಹಾಸಿಗೆ ಬಿಡುವಾಗಲೇ. ಗ್ರಾನೈಟ್ ನೆಲಕ್ಕೆ ಬರಿಗಾಲು ಇಡುವುದಿಲ್ಲ. ಫ್ರಿಜ್ಜಿನಿಂದ ಏನಾದರೂ ತೆಗೆಯುವಾಗ ಬಟ್ಟೆ ಹಿಡಿದು ತೆಗೆಯುತ್ತೇನೆ. ನಡೆಯಲು ಹೋಗುವುದು ಐದೂವರೆಗಲ್ಲ, ಬಿಸಿಲು ಬಿದ್ದ ಮೇಲೆ. ನಮ್ಮ ಕಾಂಪೌಂಡಿನಲ್ಲಿ ಹೃದಯದ ತೊಂದರೆ ಇರುವ ಹಿರಿಯರೊಬ್ಬರು ಮಂಜಿನಲ್ಲೇ ಬಿರುಸಾಗಿ ನಡೆಯುತ್ತಿದ್ದರು. ಅವರಿಗೂ ಕೈಮುಗಿದು ಇದನ್ನೇ ಹೇಳಿದೆ. ಆಫೀಸಿನಲ್ಲಿ ಗಂಟೆಗೊಮ್ಮೆ ಎದ್ದು ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಇಪ್ಪತ್ತು ಸಲ. ಜೀರಿಗೆ, ಕೊತ್ತಂಬರಿ ಬೀಜ, ಕಾಳುಮೆಣಸು ಹುರಿದು ಪುಡಿ ಮಾಡಿದ ಅಮ್ಮನ ಕಷಾಯದ ಡಬ್ಬ ನನ್ನ ಮೇಜಿನ ಮೇಲಿದೆ. ಕಷಾಯದಿಂದ ನಾಳ ತೆರೆಯುತ್ತದೆ ಅಂತ ಅಲ್ಲ. ಬಿಸಿಯಾದ ಏನಾದರೂ ಇದ್ದರೆ ಮಾತ್ರ ನಾನು ನೀರು ಕುಡಿಯುತ್ತೇನೆ. ರಾತ್ರಿ ಹುರುಳಿ ಸಾರೋ, ಅವರೆಕಾಳಿನ ಹುಳಿಯೋ, ಯಾವುದಾದರೂ ಬಿಸಿಬಿಸಿ.

ಮತ್ತೆ ಉಸಿರು. ಬೆರಳು ಬಿಳಿಚುವ ಸೂಚನೆ ಸಿಕ್ಕ ಕೂಡಲೇ ನಿಂತಲ್ಲೇ ನಿಧಾನ ಉಸಿರಾಡುತ್ತೇನೆ. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ. ನಿಮಿಷಕ್ಕೆ ಆರು ಸಲ ಆದರೆ ಸಾಕು. ಆ ಸಿಂಪಥೆಟಿಕ್ ನರಗಳ ಬಿಗಿ ಸಡಿಲವಾಗುವುದು ಹೀಗೆ. ಮೊದಲು ಇದನ್ನು ನಾನು ನಂಬಿರಲಿಲ್ಲ. ಈಗ ಸಣ್ಣಗೆ ಬಿಳಿಚಿದ ಬೆರಳು ಎಷ್ಟೋ ಸಲ ಅಲ್ಲಿಗೇ ನಿಂತಿದೆ. ಮನಸ್ಸಿನಲ್ಲಿ ಹೇಳಿಕೊಳ್ಳುವುದು ಅಜ್ಜಿಯ ಮಾತನ್ನೇ.

ಮಲಗುವಾಗ ಕಾಲುಚೀಲ. 1999ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಕೈಕಾಲು ಬೆಚ್ಚಗಾದಷ್ಟೂ ನಿದ್ದೆ ಬೇಗ ಬರುತ್ತದೆ ಎಂದು ಕಂಡುಕೊಂಡರು. ಪಾದದ ನಾಳ ತೆರೆದು ಶಾಖ ಹೊರಗೆ ಹೋದರೆ ಒಳಮೈ ತುಸು ತಣಿಯುತ್ತದೆ, ನಿದ್ದೆ ಹತ್ತುತ್ತದೆ. ಚಿಂತೆಯಲ್ಲಿ ಮಲಗಿದವರ ಕಾಲು ತಣ್ಣಗೆ, ನಿದ್ದೆಯೂ ದೂರ. ಎರಡೂ ಒಟ್ಟಿಗೇ ಬರುವುದು ಸುಮ್ನೆ ಅಲ್ಲ.

ಟೊರಾಂಟೊದಲ್ಲಿರುವ ನನ್ನ ತಮ್ಮನ ಮನೆ ಚಳಿಗಾಲದಲ್ಲೂ ಬೆಚ್ಚಗಿರುತ್ತದೆ. ಆದರೆ ಅವನಿಗೆ ಬೇರೆ ಕೊರತೆ. ಡಿಸೆಂಬರ್ 21ರಂದು ನಮಗೆ 11 ಗಂಟೆ 20 ನಿಮಿಷ ಹಗಲು ಇದ್ದರೆ ಅಲ್ಲಿ 9 ಗಂಟೆಗೂ ಕಡಿಮೆ. ಅಪ್ಪನ ಕಾರ್ಯ ಮುಗಿಸಿ ವಾಪಸ್ ಹೋದ ಮೇಲೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದ. ಮಾತು ಕಡಿಮೆಯಾಯಿತು. ಅಲ್ಲಿನ ವೈದ್ಯರು 10,000 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ದೀಪದ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರಲು ಹೇಳಿದರು. ಈಗ ಆ ಅರ್ಧ ಗಂಟೆ ನನಗೆ ವೀಡಿಯೊ ಕಾಲ್ ಮಾಡುತ್ತಾನೆ. ದೀಪದಿಂದ ಎಷ್ಟು ಗುಣವಾಯಿತೋ, ಮಾತಿನಿಂದ ಎಷ್ಟೋ. ನನ್ನ ಮಟ್ಟಿಗಂತೂ ಮಾತಿನಿಂದ.

ಬೆಚ್ಚಗಾಗುವ ಭರದಲ್ಲಿ ಆಗುವ ಅನಾಹುತಗಳ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಪರಿಚಯದವರೊಬ್ಬರಿಗೆ ಶುಗರ್. ಪಾದ ಮರಗಟ್ಟಿತ್ತು. ಚಳಿ ಅಂತ ಬಿಸಿನೀರಿನ ಚೀಲ ಇಟ್ಟು ಮಲಗಿದರು. ಸುಟ್ಟದ್ದು ಗೊತ್ತಾಗಲಿಲ್ಲ, ಬೆಳಿಗ್ಗೆ ಬೊಬ್ಬೆ ಎದ್ದಿತ್ತು, ವಾಸಿಯಾಗಲು ತಿಂಗಳುಗಳೇ ಬೇಕಾದವು. ಶುಗರ್ ಇರುವವರು ಪಾದಕ್ಕೆ ಬಿಸಿ ಇಡಬೇಡಿ, ಕಾಲುಚೀಲ ಸಾಕು. ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಕಿಟಕಿ ಮುಚ್ಚಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಅವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಮುಗಿಸಿಬಿಡುತ್ತದೆ. ನಮ್ಮ ಹಳೆಯ ಬಚ್ಚಲಿಗೆ ಹೆಂಚಿನ ಸಂದಿನಿಂದ ಗಾಳಿ ಆಡುತ್ತಿತ್ತು ಎನ್ನುವುದು ಮರೆಯಬಾರದು. ವಯಸ್ಸಾದವರಿಗೆ ಎಣ್ಣೆ ಹಚ್ಚಿ ತುಂಬಾ ಬಿಸಿ ನೀರು ಹಾಕಿದರೆ ನಾಳಗಳೆಲ್ಲ ಒಟ್ಟಿಗೇ ತೆರೆದು ತಲೆಸುತ್ತು ಬರುತ್ತದೆ, ನೆಲವೂ ಜಾರುತ್ತದೆ. ಒಬ್ಬರು ಜೊತೆಗಿರಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆ ತಿಕ್ಕಬೇಡಿ, ಆಸ್ಪತ್ರೆಗೆ ಹೋಗಿ. ನಡೆಯುವಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತದೆ ಅನ್ನುವವರೂ ತೋರಿಸಿಕೊಳ್ಳಿ. ಬಿಪಿ ಮಾತ್ರೆಯನ್ನು ನಿಮ್ಮಷ್ಟಕ್ಕೆ ಬಿಡಬೇಡಿ, ಚಳಿಗಾಲದಲ್ಲಂತೂ ಬೇಡವೇ ಬೇಡ.

ಅಪ್ಪನ ವರ್ಷಾಂತ ಈ ಸೆಪ್ಟೆಂಬರ್‌ಗೆ ಮುಗಿಯಿತು. ತೋಟ ಚೇಣಿಗೆ ಕೊಟ್ಟೆವು. ಮನೆ ಮುಂದಿನ ಹತ್ತು ಮರ ಮಾತ್ರ ಅಮ್ಮ ತನಗೇ ಇಟ್ಟುಕೊಂಡಳು. ದೀಪಾವಳಿಗೆ ಊರಿಗೆ ಹೋದೆ. ಹಂಡೆ ತಿಕ್ಕಿದೆ. ಬೇಲಿಯಲ್ಲಿ ಹಿಂಡ್ಲೆಕಾಯಿ ಬಳ್ಳಿ ಹುಡುಕಲು ಅರ್ಧ ಗಂಟೆ ಬೇಕಾಯಿತು. ಮಗಳು ಬಾವಿಯಿಂದ ನೀರು ಸೇದಿದಳು, ಅವಳಿಗೆ ಅದು ಮೊದಲ ಸಲ.

ಬೆಳಿಗ್ಗೆ ನಾನು ಅಮ್ಮನನ್ನು ಮಣೆಯ ಮೇಲೆ ಕೂರಿಸಿದೆ. "ನಿಂಗೆ ಬರ್ತದಾ?" ಅಂದಳು. ನೆಲಕ್ಕೆ ಏಳು ಬೊಟ್ಟು ಇಟ್ಟೆ. ಕೃಪನ ಹೆಸರು ಮರೆತಿತ್ತು, ಅವಳೇ ಹೇಳಿದಳು. ನೆತ್ತಿ, ಕಿವಿ, ಬೆನ್ನು. ಅಂಗಾಲಿಗೆ ಬಂದಾಗ ಅದು ಕಲ್ಲಿನಷ್ಟು ತಣ್ಣಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಎಷ್ಟು ಹೊತ್ತೋ. ಒಲೆಯಲ್ಲಿ ಸಿಪ್ಪೆ ಚಟಚಟ ಅನ್ನುತ್ತಿತ್ತು. ಅಮ್ಮ ಅಳಲು ಶುರುಮಾಡಿದಳು. ನಾನೂ. ಮಗಳು ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದು ಇಬ್ಬರ ನಡುವೆ ಕೂತಳು.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಕಣ್ಣೊರೆಸಿಕೊಂಡು ನನ್ನ ಬಲಗೈ ಎಳೆದುಕೊಂಡಳು. ಉಂಗುರ ಬೆರಳನ್ನು ಬೆಂಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಕೆಂಪಗಿತ್ತು. ಎಣ್ಣೆಯ ಬಟ್ಟಲು ತನ್ನ ಕಡೆ ಸರಿಸಿಕೊಂಡು, "ಈಗ ನೀ ಕೂರು" ಅಂದಳು.